ಬೆಳ್ಳಿ ಕತ್ತಿ, ಕೋಲ್ಡ್ ಐರನ್ ಬಾಣ: ವಿಶೇಷ ಲೋಹದ ಆಯುಧಗಳನ್ನು ಆಟಕ್ಕೆ ತರುವುದು ಹೇಗೆ

ಇದು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರವಾಗಿ, ಡೈಸ್ ಎಸೆದು ಆಡುವ ಕಥೆಯಾಟದ (ರೋಲ್ ಪ್ಲೇಯಿಂಗ್ ಗೇಮ್) ವಿಷಯ. ಅದರಲ್ಲಿ ಕಥೆ ನಡೆಸುವ ಗೇಮ್ ಮಾಸ್ಟರ್ ಆಗಿ ಕೂತ ಶುರುವಿನಲ್ಲೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಮೂರನೇ ಲೆವೆಲ್‌ನ (ಅಂದರೆ ಇನ್ನೂ ಅಷ್ಟು ಬಲ ಬಾರದ) ನಾಲ್ಕು ಪಾತ್ರಗಳ ಮುಂದೆ ಒಂದು ತೋಳಮಾನವನನ್ನು ತಂದು ನಿಲ್ಲಿಸಿದೆ. ಅದಕ್ಕೆ ಬೆಳ್ಳಿಯ ಆಯುಧವೇ ಬೇಕು ಅಂತ ಆಟದ ನಿಯಮದ ಪುಸ್ತಕದಲ್ಲಿತ್ತು. ಆಟಗಾರರ ಹತ್ತಿರ ಬೆಳ್ಳಿ ಇರಲಿಲ್ಲ. ಬೆಳ್ಳಿ ಬೇಕು ಅಂತ ಅವರಿಗೆ ಗೊತ್ತಾಗುವ ದಾರಿಯನ್ನೂ ನಾನು ಇಟ್ಟಿರಲಿಲ್ಲ. ಒಂದು ಗಂಟೆಗೂ ಜಾಸ್ತಿ ಹೊತ್ತು ಅವರು ಡೈಸ್ ಎಸೆದರು, ನಾನು "ತಗುಲಿತು, ಆದ್ರೆ ಏನೂ ಆಗಲಿಲ್ಲ" ಅಂತ ಹೇಳುತ್ತಾ ಹೋದೆ. ಕೊನೆಗೆ ಒಬ್ಬ ಆಟಗಾರ ಡೈಸ್ ಕೈಯಲ್ಲೇ ಹಿಡಿದುಕೊಂಡು "ಎಸೆದು ಏನು ಪ್ರಯೋಜನ?" ಅಂದ. ಆ ಪ್ರಶ್ನೆ ಇವತ್ತಿಗೂ ನನ್ನ ತಲೆಯಲ್ಲಿದೆ.

ಆಮೇಲೆ ಎಷ್ಟೋ ಆಟ ನಡೆಸಿದ ಮೇಲೆ ನನಗೆ ತಿಳಿದದ್ದು ಇಷ್ಟು. ವಿಶೇಷ ಲೋಹದ ನಿಯಮ ನೋಡೋಕೆ ಕತ್ತಿಯ ನಿಯಮದ ಹಾಗೆ ಕಾಣುತ್ತದೆ. ನಿಜವಾಗಿ ಅದು ಸುದ್ದಿಯ ನಿಯಮ. ಯಾವ ಲೋಹ ಬೇಕು ಅನ್ನೋದು ಆಟಗಾರರಿಗೆ ಜಗಳಕ್ಕೆ ಮುಂಚೆ ಗೊತ್ತಾದರೆ ಅದು ಕಥೆಯಾಗುತ್ತದೆ. ಜಗಳದ ಮಧ್ಯೆ ಗೊತ್ತಾದರೆ ಅದು ದಂಡವಾಗುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಇದೇ ಮಾತಿನ ಸುತ್ತ ಇವೆ. ಹೆಚ್ಚಿನ ಮಾತು ಗೇಮ್ ಮಾಸ್ಟರ್‌ಗೆ, ಆದರೆ ಆಟಗಾರರಿಗೂ ಸಾಕಷ್ಟು ಇದೆ.

ಹೆಜ್ಜೆ 1: ನಿಮ್ಮ ಪುಸ್ತಕ ಯಾವುದು ಅಂತ ಮೊದಲು ನೋಡಿ

"ಬೆಳ್ಳಿ ಕತ್ತಿಯಿಂದ ಏನಾಗುತ್ತದೆ?" ಅಂತ ಕೇಳಿದರೆ ಒಂದೇ ಉತ್ತರ ಇಲ್ಲ. ಹೆಸರು ಅದೇ, ಲೆಕ್ಕ ಬೇರೆ. ಎಷ್ಟೋ ಮೇಜುಗಳಲ್ಲಿ ವಾದ ಶುರುವಾಗುವುದೇ ಇಲ್ಲಿ. ಒಬ್ಬರು ಹಳೆಯ ಪುಸ್ತಕ ಓದಿರುತ್ತಾರೆ, ಇನ್ನೊಬ್ಬರು ಹೊಸದು ಓದಿರುತ್ತಾರೆ, ಇಬ್ಬರೂ ಸರಿಯಾಗಿಯೇ ಹೇಳುತ್ತಿರುತ್ತಾರೆ.

2003ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 3.5 ಮತ್ತು ಅದರಿಂದ ಬೆಳೆದ 2009ರ ಪಾತ್‌ಫೈಂಡರ್ ಮೊದಲ ಆವೃತ್ತಿ ಡ್ಯಾಮೇಜ್ ರಿಡಕ್ಷನ್, ಅಂದರೆ ಏಟಿನ ಡ್ಯಾಮೇಜ್ (ಏಟು ಮಾಡುವ ಹಾನಿಯ ಪಾಯಿಂಟ್) ಕಡಿಮೆ ಮಾಡುವ ಪದ್ಧತಿ ಬಳಸುತ್ತವೆ. ಪ್ರಾಣಿಯ ಹೆಸರಿನ ಕೆಳಗೆ "10/ಬೆಳ್ಳಿ" ಅಂತ ಇದ್ದರೆ, ಬೆಳ್ಳಿಯಲ್ಲದ ಆಯುಧದ ಪ್ರತಿ ಏಟಿನಿಂದ 10 ಕಳೆಯಬೇಕು. ಬೆಳ್ಳಿಯಾದರೆ ಏನೂ ಕಳೆಯಬೇಕಿಲ್ಲ.

2014ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ ಕಳೆಯುವ ಲೆಕ್ಕ ಇಲ್ಲ. ರೆಸಿಸ್ಟೆನ್ಸ್ ಇದ್ದರೆ ಡ್ಯಾಮೇಜ್ ಅರ್ಧ, ಇಮ್ಯುನಿಟಿ ಇದ್ದರೆ ಸೊನ್ನೆ. ಅಲ್ಲಿ ತೋಳಮಾನವನಿಗೆ ಇರುವುದು ಇಮ್ಯುನಿಟಿ. ಮಾಂತ್ರಿಕವೂ ಅಲ್ಲದ, ಬೆಳ್ಳಿಯ ಲೇಪವೂ ಇಲ್ಲದ ಕತ್ತಿಯಿಂದ ಎಷ್ಟೇ ಬಲವಾಗಿ ಹೊಡೆದರೂ ಸೊನ್ನೆಯೇ. ಹೊಸ ಪುಸ್ತಕಗಳಲ್ಲಿ, ಅಂದರೆ ಪ್ರಾಣಿಗಳ ವಿವರ ಇರುವ 2025ರ ಮಾನ್‌ಸ್ಟರ್ ಮ್ಯಾನುಯಲ್‌ನಲ್ಲಿ, ಈ ರೀತಿಯ ರಕ್ಷಣೆಯನ್ನೇ ಕೈಬಿಟ್ಟಿದ್ದಾರೆ. ಆ ಪುಸ್ತಕದಿಂದ ಆಡುತ್ತಿದ್ದರೆ ತೋಳಮಾನವನಿಗೆ ಸಾಮಾನ್ಯ ಕತ್ತಿಯೂ ನಾಟುತ್ತದೆ.

2019ರ ಪಾತ್‌ಫೈಂಡರ್ ಎರಡನೇ ಆವೃತ್ತಿ ಇದನ್ನು ತಲೆಕೆಳಗು ಮಾಡಿತು. ಅಲ್ಲಿ ತೋಳಮಾನವನಿಗೆ ಬೆಳ್ಳಿಯ ವೀಕ್‌ನೆಸ್ 5 ಇದೆ. ಸಾಮಾನ್ಯ ಕತ್ತಿ ಪೂರ್ತಿ ಕೆಲಸ ಮಾಡುತ್ತದೆ. ಬೆಳ್ಳಿ ಕತ್ತಿಯಾದರೆ ಪ್ರತಿ ಏಟಿಗೆ ಇನ್ನೂ 5 ಜಾಸ್ತಿ. ನನಗೆ ವೈಯಕ್ತಿಕವಾಗಿ ಈ ಬದಲಾವಣೆ ತುಂಬಾ ಇಷ್ಟ. ಲೋಹ ಇಲ್ಲದವನಿಗೆ ಶಿಕ್ಷೆ ಇಲ್ಲ, ಇರುವವನಿಗೆ ಬಹುಮಾನ ಇದೆ.

ಹೆಜ್ಜೆ 2: ಲೆಕ್ಕ ಒಂದು ಸಲ ಕೈಯಾರೆ ಮಾಡಿ ನೋಡಿ

ಇದನ್ನು ಬಿಡಬೇಡಿ. ಪುಸ್ತಕದಲ್ಲಿ "10/ಬೆಳ್ಳಿ" ಅಂತ ಓದುವಾಗ ಅದು ಎಷ್ಟು ಭಾರ ಅಂತ ಗೊತ್ತಾಗುವುದಿಲ್ಲ. ಪೆನ್ಸಿಲ್ ಹಿಡಿದರೆ ಗೊತ್ತಾಗುತ್ತದೆ.

3.5ರಲ್ಲಿ ಒಬ್ಬ ಸಾಧಾರಣ ಯೋಧನನ್ನು ತೆಗೆದುಕೊಳ್ಳಿ. ಲಾಂಗ್‌ಸ್ವೋರ್ಡ್, ಅಂದರೆ ಎಂಟು ಮುಖದ ಡೈಸ್. ತೋಳ್ಬಲದಿಂದ 3 ಸೇರುತ್ತದೆ. ಒಂದು ಏಟಿಗೆ ಕಡಿಮೆ ಅಂದರೆ 4, ಜಾಸ್ತಿ ಅಂದರೆ 11, ಸರಾಸರಿ 7.5. ಈಗ ಎದುರಿಗೆ ಹುಟ್ಟು ತೋಳಮಾನವ ನಿಂತಿದ್ದಾನೆ, 10/ಬೆಳ್ಳಿ. ಡೈಸ್‌ನಲ್ಲಿ 1ರಿಂದ 7ರವರೆಗೆ ಏನು ಬಿದ್ದರೂ ಸೊನ್ನೆ. 8 ಬಿದ್ದರೆ 11, ಅದರಲ್ಲಿ 10 ಹೋಗಿ ಉಳಿಯುವುದು 1. ಅಂದರೆ ಎಂಟು ಸಲ ತಗುಲಿದರೆ ಒಂದು ಸಲ, ಅದೂ ಒಂದೇ ಒಂದು ಪಾಯಿಂಟ್. ಕ್ರಿಟಿಕಲ್ ಏಟು (ಡ್ಯಾಮೇಜ್ ಹೆಚ್ಚಾಗುವ ವಿಶೇಷ ಏಟು) ಬಿದ್ದರೆ ಸ್ವಲ್ಪ ಸಿಗುತ್ತದೆ, ಅಷ್ಟೇ.

ಅದೇ ಯೋಧ ಬೆಳ್ಳಿ ಕತ್ತಿ ಹಿಡಿದರೆ? ಬೆಳ್ಳಿಯ ಲೇಪ ಇರುವ ಹರಿತದ ಆಯುಧಕ್ಕೆ ಡ್ಯಾಮೇಜ್‌ನಲ್ಲಿ 1 ಕಡಿಮೆ. ಸರಾಸರಿ 6.5. ಹಿಂದಿನ ಸರಾಸರಿ ಎಂಟರಲ್ಲೊಂದು ಪಾಯಿಂಟ್, ಅಂದರೆ 0.125. ವ್ಯತ್ಯಾಸ 52 ಪಟ್ಟು. ನನ್ನ ಮೊದಲ ತೋಳಮಾನವ ಯಾಕೆ ಅಷ್ಟು ಹೊತ್ತು ಬೀಳಲಿಲ್ಲ ಅಂತ ಈ ಲೆಕ್ಕ ಮಾಡಿದ ದಿನ ಅರ್ಥವಾಯಿತು.

ಇಲ್ಲೇ ಒಂದು ಸಣ್ಣ ದಾರಿ ಇದೆ. ಅದೇ ಪುಸ್ತಕದಲ್ಲಿ ಹುಟ್ಟು ತೋಳಮಾನವನಿಗೆ 10 ಇದ್ದರೆ, ಕಚ್ಚಿಸಿಕೊಂಡು ತೋಳಮಾನವನಾದವನಿಗೆ 5 ಮಾತ್ರ. 5 ಕಳೆದರೆ ನಮ್ಮ ಯೋಧನ ಸರಾಸರಿ ಸುಮಾರು 2.6 ಆಗುತ್ತದೆ. ಕಷ್ಟ, ಆದರೆ ಆಗದ ಮಾತಲ್ಲ. ಕೆಳ ಲೆವೆಲ್‌ನ ಗುಂಪಿಗೆ ಮೊದಲ ಸಲ ಲೋಹದ ನಿಯಮ ತೋರಿಸಬೇಕು ಅಂದರೆ 5ರ ಪ್ರಾಣಿಯನ್ನೇ ಆರಿಸಿ. ಡ್ರೈಯಡ್ ಮತ್ತು ಸ್ಯಾಟಿರ್ ಅನ್ನುವ ಕಾಡಿನ ಮಾಯಾಜೀವಿಗಳಿಗೂ ಅಲ್ಲಿ 5/ಕೋಲ್ಡ್ ಐರನ್ ಇದೆ (ಇದೊಂದು ವಿಶೇಷ ಕಬ್ಬಿಣ, ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇನೆ).

ಇನ್ನೊಂದು ವಿಷಯ ಲೆಕ್ಕದಿಂದಲೇ ಹೊರಬರುತ್ತದೆ. ಕಳೆಯುವ ಪದ್ಧತಿಯಲ್ಲಿ ಒಂದು ದೊಡ್ಡ ಏಟು ಒಳ್ಳೆಯದು. ಕೂಡಿಸುವ ಪದ್ಧತಿಯಲ್ಲಿ ಹಲವು ಸಣ್ಣ ಏಟು ಒಳ್ಳೆಯದು. 6-6ರ ಎರಡು ಏಟು ಮತ್ತು 12ರ ಒಂದು ಏಟು ತೆಗೆದುಕೊಳ್ಳಿ. 5 ಕಳೆದರೆ ಎರಡು ಸಣ್ಣ ಏಟಿನಿಂದ ಒಟ್ಟು 2, ದೊಡ್ಡ ಏಟಿನಿಂದ 7. ವೀಕ್‌ನೆಸ್ 5 ಕೂಡಿಸಿದರೆ ಸಣ್ಣ ಏಟುಗಳಿಂದ 22, ದೊಡ್ಡದರಿಂದ 17. ಹಾಗಾಗಿ ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಬೆಳ್ಳಿಯ ಹಣ ಯಾರ ಆಯುಧಕ್ಕೆ ಹಾಕಬೇಕು ಅಂತ ಗುಂಪಿನಲ್ಲಿ ಮಾತು ಬಂದರೆ, ಜಾಸ್ತಿ ಸಲ ಹೊಡೆಯುವವರಿಗೆ ಕೊಡಿ. ಎರಡು ಕೈಯ ಕೊಡಲಿಯವರು ಕಾಯಲಿ.

ಹೆಜ್ಜೆ 3: ಯಾವ ಲೋಹ ಏನು ಮಾಡುತ್ತದೆ ಅಂತ ಬೇರೆ ಬೇರೆ ಇಟ್ಟುಕೊಳ್ಳಿ

ಎಲ್ಲ ವಿಶೇಷ ಲೋಹಗಳನ್ನೂ ಒಂದೇ ಪಟ್ಟಿಯಲ್ಲಿ ಓದಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಅವುಗಳ ಕೆಲಸ ಬೇರೆ ಬೇರೆ.

ಬೆಳ್ಳಿ ರೂಪ ಬದಲಿಸುವವರಿಗೆ ಮತ್ತು ಡೆವಿಲ್ ಅನ್ನುವ ಹಲವು ನರಕದ ಜೀವಿಗಳಿಗೆ. ನಿಜ ಜೀವನದ ಬೆಳ್ಳಿ ಮೆತ್ತಗಿನ ಲೋಹ, ಕಬ್ಬಿಣಕ್ಕಿಂತ ಮೂರನೇ ಒಂದು ಭಾಗದಷ್ಟು ಜಾಸ್ತಿ ಭಾರ. ಶುದ್ಧ ಬೆಳ್ಳಿಯಲ್ಲಿ ಕತ್ತಿ ಮಾಡಿದರೆ ಅಂಚು ನಿಲ್ಲುವುದಿಲ್ಲ. ಅದಕ್ಕೇ 3.5ರಲ್ಲಿ "ಆಲ್ಕೆಮಿಕಲ್ ಸಿಲ್ವರ್" ಅಂತ ಮಾಡಿದರು: ಉಕ್ಕಿನ ಆಯುಧಕ್ಕೆ ಬೆಳ್ಳಿಯನ್ನು ರಸವಿದ್ಯೆಯಿಂದ ಬೆಸೆಯುವುದು. ಆ 1 ಪಾಯಿಂಟ್ ನಷ್ಟಕ್ಕೂ ಕಾರಣ ಇದೇ ಅಂತ ನಾನು ಆಟಗಾರರಿಗೆ ಹೇಳುತ್ತೇನೆ. ಕಾರಣ ಗೊತ್ತಾದರೆ ನಷ್ಟ ಬೇಸರ ತರುವುದಿಲ್ಲ.

ಕೋಲ್ಡ್ ಐರನ್ ಫೇಗಳಿಗೆ (ಕಾಡಿನ ಮಾಯಾಜೀವಿಗಳು) ಮತ್ತು ಡೀಮನ್‌ಗಳಿಗೆ (ಡೆವಿಲ್‌ಗಳಿಗಿಂತ ಬೇರೆ ಜಾತಿಯ ದುಷ್ಟ ಜೀವಿಗಳು). ಯುರೋಪಿನ ಜನಪದ ಕಥೆಗಳಲ್ಲಿ ಕಾಡಿನ ಮಾಯಾಜೀವಿಗಳಿಗೆ ಕಬ್ಬಿಣ ಅಂದರೆ ಆಗದು ಅನ್ನುವ ನಂಬಿಕೆ ಇದೆ. ಅಲ್ಲಿಂದ ಬಂದದ್ದು ಇದು. ಆಟದ ಪುಸ್ತಕ ಅದಕ್ಕೊಂದು ಹುಟ್ಟು ಕೊಟ್ಟಿದೆ: ನೆಲದ ಬಹಳ ಆಳದಿಂದ ಅಗೆದ ಕಬ್ಬಿಣ, ಅದರ ಗುಣ ಕೆಡದ ಹಾಗೆ ಕಡಿಮೆ ಬಿಸಿಯಲ್ಲಿ ತಟ್ಟಿದ್ದು. ಇದು ಕಮ್ಮಾರನ ಬಾಯಲ್ಲಿ ಹೇಳಿಸೋಕೆ ತುಂಬಾ ಚೆನ್ನಾಗಿರುತ್ತದೆ.

ಅಡಮಂಟೀನ್ ಅನ್ನುವ ತುಂಬಾ ಗಟ್ಟಿಯಾದ ಕಾಲ್ಪನಿಕ ಲೋಹ ವಸ್ತುಗಳನ್ನು ಒಡೆಯೋಕೆ. ಕಲ್ಲು ಮತ್ತು ಕಬ್ಬಿಣದ ಗೋಲೆಮ್‌ಗಳಿಗೂ (ಮಂತ್ರದಿಂದ ಓಡಾಡುವ ಬೊಂಬೆಗಳು) ಇದೇ ಬೇಕು. ಇದರ ಬಗ್ಗೆ ಮುಂದೆ ಒಂದು ಹೆಜ್ಜೆ ಪೂರ್ತಿ ಇದೆ.

ಮಿಥ್ರಲ್ ಮುಖ್ಯವಾಗಿ ಕವಚದ ಲೋಹ. ಹಗುರ, 3.5ರಲ್ಲಿ ಸಾಮಾನ್ಯ ಉಕ್ಕಿನ ಅರ್ಧ ತೂಕ. ಪಾತ್‌ಫೈಂಡರ್ ಮೊದಲ ಆವೃತ್ತಿಯಲ್ಲಿ ಮಿಥ್ರಲ್ ಆಯುಧ ಬೆಳ್ಳಿಯ ಲೆಕ್ಕಕ್ಕೂ ಬರುತ್ತದೆ. ಎರಡನೇ ಆವೃತ್ತಿಯ ಪರಿಷ್ಕೃತ ಪುಸ್ತಕಗಳಲ್ಲಿ ಇದರ ಹೆಸರು ಡಾನ್‌ಸಿಲ್ವರ್ ಅಂತ ಬದಲಾಗಿದೆ, ಡಾರ್ಕ್‌ವುಡ್ ಡಸ್ಕ್‌ವುಡ್ ಆಗಿದೆ. ಹಳೆಯ ಮತ್ತು ಹೊಸ ಪುಸ್ತಕ ಎರಡೂ ಮೇಜಿನ ಮೇಲಿದ್ದರೆ ಇದು ಗೊತ್ತಿರಲಿ.

ಡಾರ್ಕ್‌ವುಡ್ ಹಗುರ ಮರ. ಬಿಲ್ಲು, ಈಟಿಯ ಕೋಲು, ಗುರಾಣಿಗೆ.

ಹೆಜ್ಜೆ 4: "ಮತ್ತು", "ಅಥವಾ" ಎರಡನ್ನೂ ಗಮನವಿಟ್ಟು ಓದಿ

3.5ರಲ್ಲಿ ಬೇಲಾರ್ ಅನ್ನುವ ದೊಡ್ಡ ಡೀಮನ್‌ಗೆ "15/ಕೋಲ್ಡ್ ಐರನ್ ಮತ್ತು ಗುಡ್" ಅಂತ ಇದೆ. ಆಯುಧ ಕೋಲ್ಡ್ ಐರನ್‌ನದ್ದೂ ಆಗಿರಬೇಕು, ಪುಣ್ಯದ ಬಲವೂ ಅದರಲ್ಲಿರಬೇಕು. ಒಂದೇ ಇದ್ದರೆ ಇಲ್ಲದ ಹಾಗೇ ಲೆಕ್ಕ, 15ರಲ್ಲಿ ಒಂದೂ ಕಡಿಮೆಯಾಗುವುದಿಲ್ಲ. "ಅಥವಾ" ಅಂತ ಇದ್ದರೆ ಎರಡರಲ್ಲಿ ಒಂದು ಸಾಕು. ರಕ್ತಪಿಶಾಚಿಗೆ ಅದೇ ಪುಸ್ತಕದಲ್ಲಿ "10/ಬೆಳ್ಳಿ ಮತ್ತು ಮ್ಯಾಜಿಕ್". ಮಂತ್ರ ಹಾಕಿದ ಬೆಳ್ಳಿ ಕತ್ತಿಯೇ ಬೇಕು.

ಹಾಗಾದರೆ ಮಾಂತ್ರಿಕ ಕತ್ತಿ ಲೋಹದ ಜಾಗ ತುಂಬುತ್ತದಾ? 3.5ರಲ್ಲಿ ಇಲ್ಲ. +5 ಕತ್ತಿಯಾದರೂ (ಈ ಸಂಖ್ಯೆ ಕತ್ತಿಯ ಮಂತ್ರಬಲ) ಅದು ಬೆಳ್ಳಿಯಲ್ಲ. ಪಾತ್‌ಫೈಂಡರ್ ಮೊದಲ ಆವೃತ್ತಿಯಲ್ಲಿ ತುಂಬುತ್ತದೆ: +3 ಆಯುಧ ಬೆಳ್ಳಿ ಮತ್ತು ಕೋಲ್ಡ್ ಐರನ್‌ನ ಕೆಲಸ ಮಾಡುತ್ತದೆ, +4 ಆದರೆ ಅಡಮಂಟೀನ್‌ನದ್ದೂ. 2014ರ ಐದನೇ ಆವೃತ್ತಿಯಲ್ಲಿ ಯಾವುದೇ ಮಾಂತ್ರಿಕ ಆಯುಧ ಸಾಕು. ಅಂದರೆ ಐದನೇ ಆವೃತ್ತಿಯಲ್ಲಿ ಬೆಳ್ಳಿಗೆ ಆಯಸ್ಸು ಕಡಿಮೆ. ಮೊದಲ ಮಾಂತ್ರಿಕ ಕತ್ತಿ ಕೈಗೆ ಬಂದ ದಿನ ಬೆಳ್ಳಿ ಚೂರಿ ಚೀಲದ ತಳ ಸೇರುತ್ತದೆ. ಬೆಳ್ಳಿಯ ಕಥೆ ಹೇಳಬೇಕು ಅಂತಿದ್ದರೆ ಅದಕ್ಕಿಂತ ಮುಂಚೆಯೇ ಹೇಳಿಬಿಡಿ.

ಹೆಜ್ಜೆ 5: ಸುಳಿವು ಇಡಿ, ಕಡಿಮೆ ಅಂದರೆ ಮೂರು

ಇಡೀ ಲೇಖನದಲ್ಲಿ ನನಗೆ ಮುಖ್ಯವಾದ ಹೆಜ್ಜೆ ಇದು.

ಒಂದು ಸುಳಿವು ಇಟ್ಟರೆ ಆಟಗಾರರು ಅದನ್ನು ದಾಟಿ ಹೋಗುತ್ತಾರೆ. ಅದು ಅವರ ತಪ್ಪಲ್ಲ. ನಿಮಗೆ ಉತ್ತರ ಗೊತ್ತಿರುವುದರಿಂದ ಸುಳಿವು ಹೊಳೆಯುತ್ತಾ ಕಾಣುತ್ತದೆ, ಅವರಿಗೆ ಅದು ಕೋಣೆಯಲ್ಲಿರುವ ಹತ್ತು ಸಾಮಾನಿನಲ್ಲಿ ಒಂದು. ಅದಕ್ಕೆ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ರೂಪದಲ್ಲಿ ಮೂರು ಇಡಿ. ಒಂದು ಕಣ್ಣಿಗೆ ಬೀಳುವಂಥದ್ದು, ಒಂದು ಯಾರಾದರೂ ಬಾಯಿಬಿಟ್ಟು ಹೇಳುವಂಥದ್ದು, ಒಂದು ಪಾತ್ರದ ವಿದ್ಯೆಯಿಂದ ಸಿಗುವಂಥದ್ದು.

ನಾನು ಇತ್ತೀಚೆಗೆ ನಡೆಸಿದ ಒಂದು ಆಟದ ಉದಾಹರಣೆ ಹೇಳುತ್ತೇನೆ. ಕಾಡಂಚಿನ ಒಂದು ಮನೆ, ಒಳಗೆ ಸತ್ತುಬಿದ್ದ ಮುದುಕ. ಮುಷ್ಟಿ ಬಿಗಿಯಾಗಿ ಮುಚ್ಚಿದೆ. ಬೆರಳು ಬಿಡಿಸಿದರೆ ಒಂದು ಬೆಳ್ಳಿ ಚಮಚ, ಹಿಡಿ ಅವನ ಅಂಗೈಯಲ್ಲಿ, ತುದಿಯಲ್ಲಿ ಕರಕಲಾದ ರೋಮ ಅಂಟಿಕೊಂಡಿದೆ. ಗೋಡೆಯಲ್ಲಿ ತೂಗುಹಾಕಿದ್ದ ಒಳ್ಳೆಯ ಉಕ್ಕಿನ ಕತ್ತಿಯನ್ನು ಅವನು ಮುಟ್ಟಿಯೇ ಇಲ್ಲ. ಇದು ಕಣ್ಣಿಗೆ ಬೀಳುವ ಸುಳಿವು. ಪಕ್ಕದ ಹಳ್ಳಿಯ ಮುದುಕಿ "ಅವನು ಮೂರು ಹುಣ್ಣಿಮೆಯಿಂದ ಮನೆ ಪಾತ್ರೆ ಎಲ್ಲ ಕರಗಿಸ್ತಾ ಇದ್ದ" ಅಂತ ಹೇಳುತ್ತಾಳೆ. ಮೂರನೆಯದು ಪಾತ್ರದ ಜ್ಞಾನದ ರೋಲ್, ಅಂದರೆ ಪಾತ್ರಕ್ಕೆ ಗೊತ್ತಿದೆಯಾ ಅಂತ ನೋಡುವ ಡೈಸ್ ಎಸೆತ. 3.5ರಲ್ಲಿ ಗುರಿ 10 ಮತ್ತು ಪ್ರಾಣಿಯ ಹಿಟ್ ಡೈಸ್ (ಅದರ ಬಲದ ಅಳತೆ) ಕೂಡಿಸಿದ್ದು, ಪಾತ್‌ಫೈಂಡರ್ ಮೊದಲ ಆವೃತ್ತಿಯಲ್ಲಿ ಸಾಮಾನ್ಯವಾಗಿ 10 ಮತ್ತು ಚಾಲೆಂಜ್ ರೇಟಿಂಗ್ (ಅದು ಎಷ್ಟು ಕಷ್ಟದ ಎದುರಾಳಿ ಅನ್ನುವ ಸಂಖ್ಯೆ). ರೋಲ್ ಗೆದ್ದರೆ ಲೋಹದ ಹೆಸರನ್ನೇ ಹೇಳಿಬಿಡಿ. ಅಲ್ಲಿ ಒಗಟು ಮಾಡಬೇಡಿ, ವಿದ್ಯೆಗೆ ಪಾಯಿಂಟ್ ಹಾಕಿದ ಆಟಗಾರನಿಗೆ ಅದು ಸಿಗಬೇಕಾದ ಫಲ.

ಆ ದಿನ ಆಟಗಾರರು ಏನು ಮಾಡಿದರು ಗೊತ್ತಾ? ಚಮಚವನ್ನೇ ತೆಗೆದುಕೊಂಡು ಹೋಗಿ ಕಮ್ಮಾರನ ಮುಂದೆ ಇಟ್ಟು "ಇದರಿಂದ ಎಷ್ಟು ಬಾಣದ ತುದಿ ಆಗುತ್ತೆ?" ಅಂತ ಕೇಳಿದರು. ನಾನು "ಎರಡು" ಅಂದೆ. ಎರಡೇ ಬಾಣ. ಮುಂದಿನ ಜಗಳದಲ್ಲಿ ಪ್ರತಿಯೊಬ್ಬರೂ ಆ ಎರಡು ಬಾಣದ ಬಗ್ಗೆಯೇ ಯೋಚಿಸುತ್ತಿದ್ದರು. ಮೊದಲನೆಯದು ಗುರಿ ತಪ್ಪಿದಾಗ ಮೇಜಿನ ಸುತ್ತ ಯಾರೂ ಉಸಿರಾಡಲಿಲ್ಲ.

ಇನ್ನು ಜಗಳದ ಮಧ್ಯೆ. ಸುಳಿವು ಯಾವುದೂ ಸಿಗದೆ ಅವರು ಬಂದುಬಿಟ್ಟರು ಅಂದುಕೊಳ್ಳಿ. ಆಗ ಏಟಿನ ವರ್ಣನೆಯೇ ಸುಳಿವಾಗಬೇಕು. "ಏನೂ ಆಗಲಿಲ್ಲ" ಅನ್ನಬೇಡಿ. ಹೀಗೆ ಹೇಳಿ ನೋಡಿ:

"ಎಷ್ಟು ಬಿತ್ತು?"

"ಒಂಬತ್ತು."

"ನಿನ್ನ ಕತ್ತಿ ಭುಜದೊಳಗೆ ಇಳಿಯುತ್ತದೆ. ರಕ್ತ ಬರುತ್ತದೆ. ಕತ್ತಿ ಹೊರಗೆ ಎಳೆಯುವಷ್ಟರಲ್ಲಿ ಗಾಯದ ಎರಡೂ ಅಂಚು ಸೇರಿಕೊಳ್ಳುತ್ತವೆ. ಆದರೆ ಅದು ನಿನ್ನನ್ನು ನೋಡುತ್ತಾ ಇಲ್ಲ. ನಿನ್ನ ಗೆಳೆಯನ ಕುತ್ತಿಗೆಯ ಬೆಳ್ಳಿ ಸರ ನೋಡುತ್ತಾ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ."

ಇದರಲ್ಲಿ ಮೂರು ವಿಷಯ ತಿಳಿಯಿತು, ಅಲ್ವಾ? ಏಟು ಸರಿಯಾಗಿ ಬಿತ್ತು, ಅಂದರೆ ಡೈಸ್ ತಪ್ಪಲ್ಲ. ಗಾಯ ನಿಲ್ಲುವುದಿಲ್ಲ. ಯಾವುದಕ್ಕೆ ಹೆದರುತ್ತದೆ ಅಂತಲೂ ಗೊತ್ತಾಯಿತು. ಆಟಗಾರ ಡೈಸ್ ಎಸೆದದ್ದಕ್ಕೆ ಪಾಯಿಂಟ್ ಸಿಗದಿದ್ದರೂ ಸುದ್ದಿ ಸಿಕ್ಕಿತು.

ಇದರ ಜೊತೆಗೆ ಒಂದು ಓಡಿಹೋಗುವ ದಾರಿ ಯಾವಾಗಲೂ ಇರಲಿ. ತೆರೆದ ಬಾಗಿಲು, ಹೊಳೆ, ಬೆಳಗಾಗುವ ಹೊತ್ತು, ಯಾವುದಾದರೂ ಸರಿ. ಓಡಿಹೋಗಿ ಲೋಹ ತಂದು ಮತ್ತೆ ಬರುವುದು ಒಂದು ಒಳ್ಳೆಯ ಕಥೆ.

ಹೆಜ್ಜೆ 6: ಬೆಲೆ ನೋಡಿ ಹಣ ಬಿಡಿ

3.5ರ ಬೆಲೆಗಳು ಹೀಗಿವೆ. ಸಾಮಾನ್ಯ ಲಾಂಗ್‌ಸ್ವೋರ್ಡ್ 15 ಚಿನ್ನದ ನಾಣ್ಯ. ಕೋಲ್ಡ್ ಐರನ್ ಆದರೆ ಎರಡರಷ್ಟು, 30. ಬೆಳ್ಳಿ ಲೇಪಕ್ಕೆ ಒಂದು ಕೈಯ ಆಯುಧಕ್ಕೆ 90 ಸೇರಿ 105. ಅಡಮಂಟೀನ್‌ಗೆ 3,000 ಸೇರಿ 3,015. ಎರಡನೇ ಲೆವೆಲ್‌ನ ಪಾತ್ರದ ಒಟ್ಟು ಆಸ್ತಿಯನ್ನೇ ಆ ಪುಸ್ತಕ 900 ನಾಣ್ಯ ಅಂತ ಇಡುತ್ತದೆ. ಹಾಗಾಗಿ ಕಬ್ಬಿಣ ಮತ್ತು ಬೆಳ್ಳಿ ಶುರುವಿನಿಂದಲೇ ಕೈಗೆಟುಕುತ್ತವೆ, ಅಡಮಂಟೀನ್ ಎಟುಕುವುದಿಲ್ಲ.

ಆಟಗಾರರಿಗೆ ಒಂದು ಮಾತು: ಬೆಳ್ಳಿ ಲೇಪದ ಬೆಲೆ ಆಯುಧದ ಗಾತ್ರ ನೋಡಿ ಏರುತ್ತದೆ. ಸಣ್ಣ ಆಯುಧಕ್ಕೆ 20, ಒಂದು ಕೈಯದಕ್ಕೆ 90, ಎರಡು ಕೈಯದಕ್ಕೆ 180. ಚೂರಿಯ ಬೆಲೆ 2. ಅಂದರೆ 22 ನಾಣ್ಯಕ್ಕೆ ಬೆಳ್ಳಿ ಚೂರಿ, 4 ನಾಣ್ಯಕ್ಕೆ ಕೋಲ್ಡ್ ಐರನ್ ಚೂರಿ. ಎರಡೂ ಸೇರಿ 26. ಮೊದಲ ಸಾಹಸ ಮುಗಿದ ಮೇಲೆ ಇವೆರಡನ್ನೂ ತೆಗೆದಿಡಿ. ಬಾಣ ಬಿಡುವವರಿಗಂತೂ ಇನ್ನೂ ಸುಲಭ, ಕೋಲ್ಡ್ ಐರನ್ ಬಾಣ ಇಪ್ಪತ್ತಕ್ಕೆ 2 ನಾಣ್ಯ ಮಾತ್ರ. ಇದನ್ನು ಕೊಳ್ಳದೆ ಹೋಗೋಕೆ ಕಾರಣವೇ ಇಲ್ಲ. ಒಂದು ಎಚ್ಚರ: ಕೋಲ್ಡ್ ಐರನ್ ಆಯುಧಕ್ಕೆ ಮಂತ್ರ ಹಾಕಿಸಬೇಕು ಅಂದರೆ 2,000 ನಾಣ್ಯ ಜಾಸ್ತಿ ಬೀಳುತ್ತದೆ. ಅಗ್ಗದ ಲೋಹದ ನಿಜವಾದ ಬೆಲೆ ಅಲ್ಲಿ ಗೊತ್ತಾಗುತ್ತದೆ.

2014ರ ಐದನೇ ಆವೃತ್ತಿಯಲ್ಲಿ ಲೆಕ್ಕ ಸರಳ: ಒಂದು ಆಯುಧಕ್ಕೆ ಅಥವಾ ಹತ್ತು ಬಾಣಕ್ಕೆ ಬೆಳ್ಳಿ ಲೇಪ 100 ನಾಣ್ಯ. ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಗ್ರೇಡ್‌ಗಳಿವೆ. ಕೆಳ ಗ್ರೇಡ್‌ನ ಬೆಳ್ಳಿ ಅಥವಾ ಕೋಲ್ಡ್ ಐರನ್ ಆಯುಧ ಎರಡನೇ ಲೆವೆಲ್‌ನ ವಸ್ತು, 40 ನಾಣ್ಯದಿಂದ ಶುರು. ಅದರಲ್ಲಿ ಎಂಟನೇ ಲೆವೆಲ್‌ವರೆಗಿನ ರೂನ್ (ಆಯುಧಕ್ಕೆ ಮಂತ್ರಬಲ ಕೊಡುವ ಕೆತ್ತನೆ) ಮಾತ್ರ ಹಿಡಿಯುತ್ತದೆ. ಮಧ್ಯದ ಗ್ರೇಡ್‌ಗೆ ಮಿತಿ ಹದಿನೈದು, ಮೇಲಿನದಕ್ಕೆ ಮಿತಿ ಇಲ್ಲ. ಇದು ಗೊತ್ತಿಲ್ಲದೆ ಒಳ್ಳೆಯ ರೂನ್ ಇಟ್ಟುಕೊಂಡು ಕೆಳ ಗ್ರೇಡ್‌ನ ಕತ್ತಿ ಕೊಂಡರೆ ಆಮೇಲೆ ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಹೆಜ್ಜೆ 7: ಕತ್ತಿಗಳ ಹೊರೆ ಬೇಡ

ಲೋಹದ ನಿಯಮ ಗಟ್ಟಿಯಾಗಿ ಹಿಡಿದರೆ ಒಂದು ತೊಂದರೆ ಬರುತ್ತದೆ. ಯೋಧ ಬೆನ್ನ ಮೇಲೆ ಐದು ಕತ್ತಿ ಹೊತ್ತು ತಿರುಗುತ್ತಾನೆ: ಒಂದು ಬೆಳ್ಳಿಯದು, ಒಂದು ಕಬ್ಬಿಣದ್ದು, ಒಂದು ಅಡಮಂಟೀನ್‌ನದು. ಆಟಗಾರರು ಇದನ್ನು ಗಾಲ್ಫ್ ಬ್ಯಾಗ್ ಅನ್ನುತ್ತಾರೆ. ಅವನು ಪ್ರೀತಿಯಿಂದ ಹೆಸರಿಟ್ಟುಕೊಂಡ ಕತ್ತಿ ಮೂಲೆ ಸೇರುತ್ತದೆ. ನನಗೆ ಇದು ಸಂಕಟ ಕೊಡುವ ವಿಷಯ, ಯಾಕೆಂದರೆ ಆ ಹೆಸರಿನ ಕತ್ತಿಯಲ್ಲೇ ಪಾತ್ರದ ಅರ್ಧ ಜೀವ ಇರುತ್ತದೆ.

ಪುಸ್ತಕದೊಳಗೇ ಪರಿಹಾರ ಇದೆ. ಪಾತ್‌ಫೈಂಡರ್ ಮೊದಲ ಆವೃತ್ತಿಯ ವೆಪನ್ ಬ್ಲಾಂಚ್ ಅನ್ನುವ ಪುಡಿ ತುಂಬಾ ಒಳ್ಳೆಯ ಉಪಾಯ. ಪುಡಿಯನ್ನು ಆಯುಧದ ಮೇಲೆ ಹಾಕಿ ಬೆಂಕಿಯ ಮೇಲೆ ಒಂದು ಪೂರ್ತಿ ರೌಂಡ್ (ಜಗಳದಲ್ಲಿ ಎಲ್ಲರಿಗೂ ಒಂದೊಂದು ಸರದಿ ಬರುವಷ್ಟು ಹೊತ್ತು) ಹಿಡಿದರೆ ಅದು ಕರಗಿ ಅಂಟುತ್ತದೆ. ಒಂದು ಏಟು ತಗುಲುವವರೆಗೆ ಆ ಲೋಹದ ಗುಣ ಇರುತ್ತದೆ. ಬೆಳ್ಳಿಯದು 5 ನಾಣ್ಯ, ಕೋಲ್ಡ್ ಐರನ್‌ನದು 20, ಅಡಮಂಟೀನ್‌ನದು 100. ಒಂದು ಡೋಸ್‌ನಲ್ಲಿ ಹತ್ತು ಬಾಣಕ್ಕೆ ಹಚ್ಚಬಹುದು, ಹಾಗಾಗಿ ಬಿಲ್ಲುಗಾರರಿಗೆ ಇದು ಹತ್ತು ಏಟಿನ ಸಾಮಾನು. 3.5ರಲ್ಲಿ ಸಿಲ್ವರ್‌ಶೀನ್ ಅನ್ನುವ ಲೇಪ 250 ನಾಣ್ಯ, ಒಂದು ಗಂಟೆ ಬಾಳುತ್ತದೆ.

ನಿಮ್ಮ ಆಟದ ಪುಸ್ತಕದಲ್ಲಿ ಇಂಥದ್ದು ಇಲ್ಲದಿದ್ದರೆ ನೀವೇ ಸೇರಿಸಿ. ಬೆಂಕಿ ಬೇಕು, ಒಂದು ರೌಂಡ್ ಹೋಗಬೇಕು, ಸ್ವಲ್ಪ ಹೊತ್ತೇ ಬಾಳಬೇಕು. ಈ ಮೂರೂ ಇದ್ದರೆ ಲೋಹದ ಬೆಲೆ ಉಳಿಯುತ್ತದೆ, ಹೆಸರಿನ ಕತ್ತಿಯೂ ಕೈಯಲ್ಲೇ ಉಳಿಯುತ್ತದೆ.

ಇನ್ನೊಂದು ವಿಷಯ. ಲಾಂಗ್‌ಸ್ವೋರ್ಡ್‌ನಲ್ಲೇ ವಿಶೇಷ ತರಬೇತಿಯ ಫೀಟ್ ತೆಗೆದುಕೊಂಡ ಯೋಧನಿಗೆ ಬೆಳ್ಳಿಯ ಗದೆ ಬಹುಮಾನ ಕೊಡಬೇಡಿ. ಅವನ ಶೀಟ್ (ಪಾತ್ರದ ವಿವರ ಬರೆದ ಹಾಳೆ) ನೋಡಿ, ಅದೇ ಜಾತಿಯ ಆಯುಧ ಕೊಡಿ.

ಹೆಜ್ಜೆ 8: ಅಡಮಂಟೀನ್ ಕೊಟ್ಟರೆ ಬಾಗಿಲು ಉಳಿಯುವುದಿಲ್ಲ

3.5ರಲ್ಲಿ ಎರಡು ಇಂಚು ದಪ್ಪದ ಕಬ್ಬಿಣದ ಬಾಗಿಲಿಗೆ ಹಾರ್ಡ್‌ನೆಸ್ (ಪ್ರತಿ ಏಟಿನಿಂದ ಕಳೆಯುವ ಗಟ್ಟಿತನ) 10, ಹಿಟ್ ಪಾಯಿಂಟ್ (ಒಡೆಯೋಕೆ ಬೇಕಾದ ಡ್ಯಾಮೇಜ್) 60. ಹೆಜ್ಜೆ 2ರ ಯೋಧನನ್ನೇ ಮತ್ತೆ ಕರೆಯಿರಿ. ಉಕ್ಕಿನ ಕತ್ತಿಯಲ್ಲಿ ಎಂಟು ಏಟಿಗೆ ಒಂದು ಪಾಯಿಂಟ್, ಬಾಗಿಲು ಒಡೆಯೋಕೆ ಸುಮಾರು 480 ಏಟು. ಅಡಮಂಟೀನ್ ಕತ್ತಿ 20ಕ್ಕಿಂತ ಕಡಿಮೆ ಇರುವ ಹಾರ್ಡ್‌ನೆಸ್ಸನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಏಟಿಗೆ ಸರಾಸರಿ 7.5, ಎಂಟು ಏಟಿಗೆ ಬಾಗಿಲು ಕೆಳಗೆ. ಐದನೇ ಆವೃತ್ತಿಯಲ್ಲಿ 2017ರ ಪೂರಕ ಪುಸ್ತಕದ ಪ್ರಕಾರ ಅಡಮಂಟೀನ್ ಆಯುಧ ವಸ್ತುವಿಗೆ ತಗುಲಿದರೆ ಪ್ರತಿ ಏಟೂ ಕ್ರಿಟಿಕಲ್. ಪಾತ್‌ಫೈಂಡರ್ ಎರಡನೇ ಆವೃತ್ತಿ ಸ್ವಲ್ಪ ಹದದಲ್ಲಿದೆ: ವಸ್ತುವಿನ ಹಾರ್ಡ್‌ನೆಸ್ ಅರ್ಧ ಅಂತ ಲೆಕ್ಕ, ಅದೂ ಆ ವಸ್ತು ಕತ್ತಿಗಿಂತ ಗಟ್ಟಿ ಇಲ್ಲದಿದ್ದರೆ ಮಾತ್ರ.

ಇದನ್ನು ಗೊತ್ತಿದ್ದೇ ಕೊಡಿ. ಕೊಟ್ಟ ಮೇಲೆ "ಈ ಬಾಗಿಲಿಗೆ ನಾಟುವುದಿಲ್ಲ" ಅಂತ ಹೇಳುತ್ತಾ ಹೋದರೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಬಾಗಿಲು ಒಡೆಯಲಿ. ಆದರೆ ಕಬ್ಬಿಣಕ್ಕೆ ಎಂಟು ಏಟು ಬಿದ್ದರೆ ಇಡೀ ಕೋಟೆಗೆ ಕೇಳಿಸುತ್ತದೆ. ಕಾವಲುಗಾರರು ಎದ್ದು ಬರುತ್ತಾರೆ. ಒಡೆಯೋದಾ, ಬೀಗ ಬಿಚ್ಚೋದಾ ಅನ್ನೋದು ಆಗ ಒಂದು ನಿಜವಾದ ಆಯ್ಕೆ.

ಹೆಜ್ಜೆ 9: ಮೇಜಿನ ಮೇಲೆ ಬರುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಇಟ್ಟುಕೊಳ್ಳಿ

ಈಟಿಯ ತುದಿ ಮಾತ್ರ ಬೆಳ್ಳಿ ಆದರೆ ಸಾಕಾ? ಸಾಕು. ಏಟು ಕೊಡುವ ಭಾಗ ಯಾವುದೋ ಅದೇ ಲೆಕ್ಕ. ಪೂರ್ತಿ ಮರದ ದೊಣ್ಣೆಯನ್ನು ಅಡಮಂಟೀನ್‌ನಲ್ಲಿ ಮಾಡಬಹುದಾ? 3.5 ಇದಕ್ಕೆ ಇಲ್ಲ ಅನ್ನುತ್ತದೆ: ಬಾಣ ಆಗುತ್ತದೆ, ದೊಣ್ಣೆ ಆಗುವುದಿಲ್ಲ. ಎರಡು ತುದಿಯ ಆಯುಧಕ್ಕೆ ಎರಡು ಲೋಹ ಹಾಕಬಹುದಾ? ನಾನು ಹೌದು ಅನ್ನುತ್ತೇನೆ, ಹಣ ಎರಡೂ ತುದಿಗೆ ಬೇರೆ ಬೇರೆ. ಬೆಂಕಿಯ ಮಂತ್ರಕ್ಕೆ ಡ್ಯಾಮೇಜ್ ರಿಡಕ್ಷನ್ ಕಳೆಯಬೇಕಾ? ಬೇಡ, ಅದು ಆಯುಧದ ಏಟಿಗೆ ಮಾತ್ರ. ಬೆಳ್ಳಿ ಇಲ್ಲದ ಗುಂಪಿಗೆ ಇದು ದೊಡ್ಡ ಆಸರೆ, ಮಂತ್ರವಾದಿಗೆ ನೆನಪಿಸಿ. ಚೂರಿಗೆ ವಿಷ ಹಚ್ಚಿದ್ದರೆ? 3.5ರಲ್ಲಿ ಏಟಿನ ಡ್ಯಾಮೇಜ್ ಪೂರ್ತಿ ಸೊನ್ನೆಯಾದರೆ ಗಾಯದ ಮೂಲಕ ಹೋಗುವ ವಿಷವೂ ಒಳಗೆ ಹೋಗುವುದಿಲ್ಲ.

ಅಸ್ಥಿಪಂಜರಕ್ಕೆ ಬೇಕಾದ್ದು ಲೋಹ ಅಲ್ಲ, ಜಜ್ಜುವ ಆಯುಧ. ಜೋಂಬಿಗೆ ಕತ್ತರಿಸುವ ಆಯುಧ. ಎರಡಕ್ಕೂ 5. ಹೊಸ ಆಟಗಾರರಿಗೆ ಈ ಪದ್ಧತಿ ಕಲಿಸೋಕೆ ಇವೇ ಒಳ್ಳೆಯ ಮೊದಲ ಪಾಠ, ಯಾಕೆಂದರೆ ಗದೆ ಇಲ್ಲದಿದ್ದರೂ ಕೈಗೆ ಸಿಕ್ಕ ಕುರ್ಚಿಯ ಕಾಲು ಸಾಕು.

ಹೆಜ್ಜೆ 10: ನಿಮ್ಮದೇ ಲೋಹ ಮಾಡಿ

ಪುಸ್ತಕದ ಲೋಹಗಳು ಎಲ್ಲರಿಗೂ ಗೊತ್ತು. ಹಳೆಯ ಆಟಗಾರರು ಫೇ ಕಂಡ ಕೂಡಲೇ ಕಬ್ಬಿಣ ಹುಡುಕುತ್ತಾರೆ. ಸುದ್ದಿಯ ಆಟ ಅಲ್ಲಿಗೆ ಮುಗಿಯುತ್ತದೆ. ಹೊಸ ಲೋಹ ಮಾಡಿದರೆ ಮತ್ತೆ ಶುರುವಾಗುತ್ತದೆ.

ನಾನು ನಾಲ್ಕು ಸಾಲು ಬರೆದುಕೊಳ್ಳುತ್ತೇನೆ: ಎಲ್ಲಿ ಸಿಗುತ್ತದೆ, ಏನು ಒಂದು ಕೆಲಸ ಮಾಡುತ್ತದೆ, ಏನು ಒಂದು ನಷ್ಟ, ಇದರ ಬಗ್ಗೆ ಯಾರಿಗೆ ಗೊತ್ತು. ನಾಲ್ಕನೆಯದನ್ನು ಜನ ಮರೆಯುತ್ತಾರೆ. ಕೆಲಸ ಒಂದೇ ಇರಲಿ. ಎರಡು ಕೆಲಸ ಮಾಡುವ ಲೋಹ ಬಂದರೆ ಬೇರೆ ಲೋಹ ಯಾರಿಗೂ ಬೇಡ.

ನನ್ನ ಆಟದಲ್ಲಿರುವ ಒಂದನ್ನು ಹೇಳುತ್ತೇನೆ, ಹೆಸರು ಸಿಡಿಲುಗಾಜು. ಮರಳಿಗೆ ಸಿಡಿಲು ಬಡಿದರೆ ಮರಳು ಕರಗಿ ಗಾಜಿನ ಕೊಳವೆ ಆಗುವುದು ನಿಜಕ್ಕೂ ನಡೆಯುವ ಸಂಗತಿ. ಆ ಕೊಳವೆ ಒರಟಾಗಿ, ಬೇರಿನ ಹಾಗೆ ಕವಲೊಡೆದು, ಒಳಗೆ ಮಾತ್ರ ನುಣ್ಣಗೆ ಇರುತ್ತದೆ. ಅದನ್ನು ಪುಡಿ ಮಾಡಿ ಮತ್ತೆ ಎರಕ ಹೊಯ್ದು ಮಾಡಿದ ಚೂರಿ ಅಂತ ನಾನು ಕಲ್ಪಿಸಿದೆ. ಮಂಜಿನಂತೆ, ಹೊಗೆಯಂತೆ ದೇಹ ಇರುವ ಜೀವಿಗಳಿಗೆ ಇದು ಸಾಮಾನ್ಯ ಆಯುಧದ ಹಾಗೆ ಪೂರ್ತಿ ತಗುಲುತ್ತದೆ. ನಷ್ಟ ಏನೆಂದರೆ ಇಪ್ಪತ್ತು ಮುಖದ ಡೈಸ್‌ನಲ್ಲಿ 1 ಬಿದ್ದರೆ ಬಿರುಕು ಬಿಡುತ್ತದೆ, ಎರಡನೇ ಸಲ 1 ಬಿದ್ದರೆ ಚೂರು ಚೂರು. ಪಾತ್‌ಫೈಂಡರ್ ಮೊದಲ ಆವೃತ್ತಿಯಲ್ಲಿ ಅಬ್ಸಿಡಿಯನ್‌ನಂಥ ಸುಲಭವಾಗಿ ಒಡೆಯುವ ಆಯುಧಗಳಿಗೆ ಇದೇ ಥರದ ನಿಯಮ ಇದೆ, ಅಲ್ಲಿಂದಲೇ ತೆಗೆದುಕೊಂಡೆ. ಯಾರಿಗೆ ಗೊತ್ತು? ಮರಳುಗಾಡಿನಲ್ಲಿ ಮಳೆಯ ಮಾರನೇ ದಿನ ಕೋಲು ಹಿಡಿದು ನೆಲ ಕುಟ್ಟುತ್ತಾ ನಡೆಯುವ ಒಂದು ಕುಟುಂಬಕ್ಕೆ ಮಾತ್ರ.

ಹೊಸ ಲೋಹವನ್ನು ಮೊದಲ ಸಲ ಕೊಡುವಾಗ ಒಂದು ಪೂರ್ತಿ ಕತ್ತಿ ಕೊಡಬೇಡಿ. ಎರಡು ಬಾಣ, ಒಂದು ಚೂರಿ, ಒಂದು ಸಾಹಸಕ್ಕೆ ಆಗುವಷ್ಟು. ಎರಡು ಮೂರು ಆಟ ನೋಡಿ. ಲೆಕ್ಕ ಜಾಸ್ತಿಯಾಯಿತು ಅನ್ನಿಸಿದರೆ ಆಟಗಾರರ ಹತ್ತಿರ ನೇರವಾಗಿ ಮಾತಾಡಿ ತಿದ್ದಿ. ನಾನು ಸಿಡಿಲುಗಾಜನ್ನು ಮೊದಲು ಒಂದೇ ಸಲ 1 ಬಿದ್ದರೆ ಒಡೆಯುತ್ತದೆ ಅಂತ ಮಾಡಿದ್ದೆ. ಚೂರಿ ಸಿಕ್ಕ ಹುಡುಗಿ ಅದನ್ನು ಹೊರಗೆ ತೆಗೆಯೋಕೇ ಹೆದರಿದಳು, ನಾಲ್ಕು ಆಟ ಅದು ಬಟ್ಟೆಯಲ್ಲಿ ಸುತ್ತಿದ ಹಾಗೇ ಇತ್ತು. ಬಿರುಕಿನ ನಿಯಮ ಸೇರಿಸಿದ ಮೇಲೆ ಐದನೇ ಆಟದಲ್ಲಿ ಹೊರಗೆ ತೆಗೆದಳು. ಈಗ ಅದರಲ್ಲಿ ಒಂದು ಬಿರುಕಿದೆ, ಅವಳ ಶೀಟ್‌ನಲ್ಲಿ ಚೂರಿಯ ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಗೆರೆ.